ಹೇಳಿದಾಗ ಹಾರುವ ಕಿಡಿ: ಪಲ್ಸ್ ಪವರ್ ಪ್ರಯೋಗಗಳ ಗ್ಯಾಸ್ ಸ್ವಿಚ್ಚು



ಪ್ಲಾಸ್ಮಾ ಭೌತವಿಜ್ಞಾನದ ಬಗ್ಗೆ ಮಾತಾಡಬೇಕೆಂದು ಈ ದತ್ತಿ ಉಪನ್ಯಾಸದ ಸಮಿತಿಯವರು ಕೇಳಿದಾಗ, ಅದರ ಪ್ರಯೋಗಗಳಲ್ಲಿ ಬಳಸುವ ಯಂತ್ರಗಳ ಒಂದೇ ಒಂದು ಭಾಗವನ್ನು ಹಿಡಿದುಕೊಂಡು ಮಾತಾಡಲು ಅನುಮತಿ ಬೇಡಿದೆ. ಅವರು ಸಂತೋಷದಿಂದ ಒಪ್ಪಿದರು. ಆ ಭಾಗದ ಹೆಸರು ಗ್ಯಾಸ್ ಸ್ವಿಚ್ಚು. ಪ್ರಯೋಗಾಲಯದ ಮಾತಿನಲ್ಲಿ ಸ್ಪಾರ್ಕ್ ಗ್ಯಾಪ್. ಎರಡು ಲೋಹದ ತುಂಡುಗಳು, ನಡುವೆ ಒಂದಿಷ್ಟು ಅನಿಲ, ಸುತ್ತ ಒಂದು ಪ್ಲಾಸ್ಟಿಕ್ ಕವಚ. ನೋಡಲು ಇಷ್ಟೆ. ಪತ್ರಿಕೆಗಳಲ್ಲಿ ಬರುವ ಫ್ಯೂಷನ್ ಯಂತ್ರಗಳ ಚಿತ್ರಗಳಲ್ಲಿ ಇದು ಕಾಣುವುದೇ ಇಲ್ಲ; ಎಣ್ಣೆಯ ತೊಟ್ಟಿಯೊಳಗೆ ಮುಳುಗಿರುತ್ತದೆ. ಆದರೆ ಅಂಥ ಯಂತ್ರ ಎಷ್ಟು ದೊಡ್ಡದಾಗಬಹುದು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಇದೇ. ಈ ಮಾತನ್ನು ನಿಮಗೆ ಒಪ್ಪಿಸುವುದು ನನ್ನ ಇವತ್ತಿನ ಕೆಲಸ.

ಮೊದಲು ಒಂದು ಸಣ್ಣ ಲೆಕ್ಕ. 30 ಮೈಕ್ರೋಫ್ಯಾರಡ್‌ನ ಕೆಪಾಸಿಟರನ್ನು 15 ಕಿಲೋವೋಲ್ಟಿಗೆ ಚಾರ್ಜ್ ಮಾಡಿದರೆ ಅದರಲ್ಲಿ ಕೂಡುವ ಶಕ್ತಿ ಸುಮಾರು 3,400 ಜೌಲ್. ನಮ್ಮ ಮನೆಗಳಲ್ಲಿ ಉರಿಯುವ 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಅದು ಆರು ನಿಮಿಷಕ್ಕೆ ಸಾಕಾಗುತ್ತದೆ, ಅಷ್ಟೆ. ಅದೇ ಶಕ್ತಿಯನ್ನು ಮೂರು ಮೈಕ್ರೋಸೆಕೆಂಡಿನಲ್ಲಿ ಖಾಲಿ ಮಾಡಿದರೆ ಆ ಕ್ಷಣದ ಪವರ್ ಸಾವಿರ ಮೆಗಾವ್ಯಾಟನ್ನು ದಾಟುತ್ತದೆ. ಒಂದು ದೊಡ್ಡ ವಿದ್ಯುತ್ ಸ್ಥಾವರದಷ್ಟು. ಶಕ್ತಿ ಹೆಚ್ಚಾಗಿಲ್ಲ, ಸಮಯ ಕುಗ್ಗಿದೆ. ಪಲ್ಸ್ ಪವರ್ ಎಂಬ ಇಡೀ ವಿದ್ಯೆ ಇರುವುದು ಸಮಯವನ್ನು ಕುಗ್ಗಿಸುವುದರಲ್ಲೇ. ಕೆರೆ ತುಂಬಲು ಒಂದು ಮಳೆಗಾಲವೇ ಬೇಕು; ಗದ್ದೆಗೆ ನೀರು ಬೇಕಾದ ಹೊತ್ತಿಗೆ ಎತ್ತಬೇಕಾದದ್ದು ತೂಬು. ಕೆಪಾಸಿಟರು ಕೆರೆಯಾದರೆ ಸ್ವಿಚ್ಚು ಅದರ ತೂಬು. ತೂಬು ಸೋರಿದರೆ ಕೆರೆ ತುಂಬುವುದಿಲ್ಲ, ಕಚ್ಚಿಕೊಂಡರೆ ತುಂಬಿಯೂ ಪ್ರಯೋಜನವಿಲ್ಲ.

ಗೋಡೆಯ ಮೇಲಿನ ಸ್ವಿಚ್ಚಿನಂತೆ ಎರಡು ಲೋಹಗಳನ್ನು ತಂದು ಮುಟ್ಟಿಸಿದರೆ ಆಗದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆಗುವುದಿಲ್ಲ. ಎಷ್ಟೇ ಬಿರುಸಾಗಿ ತಂದರೂ ಲೋಹದ ಚಲನೆ ಮಿಲಿಸೆಕೆಂಡುಗಳ ಲೆಕ್ಕದ್ದು. ನಮಗೆ ಬೇಕಾದದ್ದು ಅದಕ್ಕಿಂತ ಲಕ್ಷ ಪಟ್ಟು ಚುರುಕು. ಸಾಲದ್ದಕ್ಕೆ, ಲೋಹಗಳು ಮುಟ್ಟುವ ಮೊದಲೇ ನಡುವಿನ ಗಾಳಿಯಲ್ಲಿ ಕಿಡಿ ಹಾರಿಬಿಡುತ್ತದೆ. ಹೇಗೂ ಕಿಡಿಯೇ ಕೆಲಸ ಮಾಡುವುದಾದರೆ, ಲೋಹವನ್ನು ಅಲುಗಾಡಿಸದೆ ಕಿಡಿಗೇ ಆ ಕೆಲಸವನ್ನು ಬಿಟ್ಟುಕೊಡುವುದು ಜಾಣತನ. ಅನಿಲಕ್ಕೆ ಇನ್ನೊಂದು ದೊಡ್ಡ ಗುಣವಿದೆ. ಘನ ಇನ್ಸುಲೇಟರನ್ನು ಕಿಡಿ ಒಮ್ಮೆ ತೂತು ಮಾಡಿದರೆ ಆ ತೂತು ಶಾಶ್ವತ. ಅನಿಲವಾದರೋ ಮರುಗಳಿಗೆ ತಾನೇ ಕೂಡಿಕೊಳ್ಳುತ್ತದೆ. ಹಳೆಯದನ್ನು ಹೊರಗೆ ಬಿಟ್ಟು ಹೊಸದನ್ನು ತುಂಬಲೂಬಹುದು.

ಈಗ ಕಿಡಿ ಹುಟ್ಟುವ ಬಗೆಯನ್ನು ನೋಡೋಣ. ಗಾಳಿ ಒಳ್ಳೆಯ ಇನ್ಸುಲೇಟರು. ಅದು ಸೋಲಬೇಕಾದರೆ ಮೊದಲು ಒಂದು ಬಿಡಿ ಎಲೆಕ್ಟ್ರಾನ್ ಬೇಕು. ಅದು ಎಲ್ಲಿಂದ ಬರುತ್ತದೆ? ನೆಲದ ವಿಕಿರಣದಿಂದ, ಆಕಾಶದಿಂದ ಎಡೆಬಿಡದೆ ಸುರಿಯುವ ಕಾಸ್ಮಿಕ್ ಕಿರಣಗಳಿಂದ. ಹೋಮಿ ಭಾಭಾ ಇದೇ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕಾಸ್ಮಿಕ್ ಕಿರಣಗಳ ಸಂಶೋಧನಾ ಘಟಕವನ್ನು ಕಟ್ಟಿದ್ದರು. ಅವರು ಬೆನ್ನುಹತ್ತಿದ ಅದೇ ಕಿರಣಗಳು ನಮ್ಮ ಸ್ವಿಚ್ಚಿಗೆ ಬೀಜದ ಎಲೆಕ್ಟ್ರಾನನ್ನು ಒದಗಿಸುತ್ತವೆ. ಒದಗಿಸುವ ಹೊತ್ತು ಮಾತ್ರ ಅವುಗಳದೇ. ನಮ್ಮ ಕಷ್ಟಗಳ ಮೊದಲ ಬೇರು ಅಲ್ಲಿದೆ.

ಆ ಎಲೆಕ್ಟ್ರಾನು ವಿದ್ಯುತ್ ಕ್ಷೇತ್ರದಲ್ಲಿ ಓಡಿ ಒಂದು ಅಣುವಿಗೆ ಡಿಕ್ಕಿ ಹೊಡೆದು ಇನ್ನೊಂದನ್ನು ಬಿಡಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಪ್ರವಾಹವಾಗಿ ಬೆಳೆಯುತ್ತದೆ. ಈ ಬೆಳವಣಿಗೆಯನ್ನು ಮೊದಲು ಅಳೆದು ತೋರಿಸಿದವರು ಬ್ರಿಟನ್ನಿನ ಜಾನ್ ಟೌನ್‌ಸೆಂಡ್. ಪ್ರವಾಹದ ತಲೆಯಲ್ಲಿ ಎಲೆಕ್ಟ್ರಾನುಗಳ ಸಂಖ್ಯೆ ಹತ್ತು ಕೋಟಿಯ ಆಸುಪಾಸಿಗೆ ಬಂದಾಗ ಅವುಗಳದೇ ಕ್ಷೇತ್ರ ಹೊರಗಿನ ಕ್ಷೇತ್ರಕ್ಕೆ ಸಮನಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಆಟದ ನಿಯಮವೇ ಬೇರೆ. ಸ್ಟ್ರೀಮರ್ ಎಂಬ ಬೆಳಕಿನ ಎಳೆಯೊಂದು ಹುಟ್ಟಿ ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಎದುರಿನ ಲೋಹವನ್ನು ಮುಟ್ಟುತ್ತದೆ. 1940ರ ಹೊತ್ತಿಗೆ ಇದನ್ನು ಬಿಡಿಸಿ ಹೇಳಿದವರು ಜರ್ಮನಿಯ ರೇಟರ್, ಅಮೆರಿಕದ ಲೋಬ್, ಬ್ರಿಟನ್ನಿನ ಮೀಕ್. ಎಳೆ ಮುಟ್ಟಿದ ಮೇಲೆ ಅದರಲ್ಲಿ ಕರೆಂಟು ಹರಿದು, ಬಿಸಿಯಾಗಿ, ಹಿಗ್ಗಿ, ತಂತಿಯಷ್ಟೇ ಚೆನ್ನಾಗಿ ವಿದ್ಯುತ್ತನ್ನು ಸಾಗಿಸುವ ದಾರಿಯಾಗುತ್ತದೆ.

ಎಷ್ಟು ವೋಲ್ಟೇಜಿಗೆ ಇದು ಆಗುತ್ತದೆ? 1889ರಲ್ಲಿ ಫ್ರೀಡ್ರಿಕ್ ಪಾಶೆನ್ ಕಂಡುಕೊಂಡ ನಿಯಮ ಇಂದಿಗೂ ನಮ್ಮ ಮೊದಲ ಪಾಠ: ಅನಿಲದ ಒತ್ತಡವನ್ನೂ ಲೋಹಗಳ ನಡುವಿನ ಅಂತರವನ್ನೂ ಗುಣಿಸಿ, ಕಿಡಿಯ ವೋಲ್ಟೇಜು ಆ ಗುಣಲಬ್ಧವನ್ನು ಅನುಸರಿಸುತ್ತದೆ. ಅಂತರವನ್ನು ಅರ್ಧ ಮಾಡಿ ಒತ್ತಡವನ್ನು ಇಮ್ಮಡಿಸಿದರೆ ವೋಲ್ಟೇಜು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ವಿನ್ಯಾಸಕಾರನ ಕೈಗೆ ಪಾಶೆನ್ ಕೊಟ್ಟುಹೋದ ದೊಡ್ಡ ಸ್ವಾತಂತ್ರ್ಯ ಇದು. ಅಂತರ ಚಿಕ್ಕದಿದ್ದಷ್ಟೂ ಸ್ವಿಚ್ಚು ಚುರುಕು. ಆದ್ದರಿಂದ ಒತ್ತಡವನ್ನು ಏರಿಸಿ ಅಂತರವನ್ನು ಕಿರಿದಾಗಿಸುತ್ತೇವೆ.

ಇಲ್ಲೇ ಬೆಂಗಳೂರಿನ ಮಾತೊಂದಿದೆ. ಸಮುದ್ರಮಟ್ಟದಲ್ಲಿ, 20 ಡಿಗ್ರಿ ತಾಪದಲ್ಲಿ, 6 ಮಿಲಿಮೀಟರ್ ಅಂತರದ ಚಪ್ಪಟೆ ಗ್ಯಾಪು ಸುಮಾರು 19 ಕಿಲೋವೋಲ್ಟಿಗೆ ಹಾರುತ್ತದೆ. ನಮ್ಮ ಊರು 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿನ ಗಾಳಿ ಹತ್ತರಲ್ಲೊಂದು ಪಾಲು ತೆಳು. ಅದೇ ಗ್ಯಾಪು ಇಲ್ಲಿ 17.5ರ ಹತ್ತಿರ ಹಾರುತ್ತದೆ. ಕರಾವಳಿಯ ಊರಿನಲ್ಲಿ ಅಳೆದು ಹೊಂದಿಸಿದ, ಗಾಳಿಗೆ ತೆರೆದ ಸ್ವಿಚ್ಚನ್ನು ಇಲ್ಲಿಗೆ ತಂದು ಹಾಗೇ ಜೋಡಿಸಿದರೆ, 15 ಕಿಲೋವೋಲ್ಟಿನ ಚಾರ್ಜಿಗೆ ಇಟ್ಟುಕೊಂಡಿದ್ದ ಅವಕಾಶದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕರಗಿಹೋಗಿರುತ್ತದೆ. ನಮ್ಮ ಕಾಲೇಜುಗಳ ಲ್ಯಾಬುಗಳು ಪುಸ್ತಕದ ಕೋಷ್ಟಕವನ್ನು ನಂಬಿ ಕೂರದೆ ತಮ್ಮ ಊರಿನ ಗಾಳಿಯಲ್ಲೇ ಅಳೆಯಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೊಂದು ಕಾರಣ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಸ್ವಿಚ್ಚಿಗೆ ಎರಡು ಕರ್ತವ್ಯ: ಹೇಳುವವರೆಗೆ ತಡೆದಿರಬೇಕು, ಹೇಳಿದ ತಕ್ಷಣ ಬಿಡಬೇಕು. ಎರಡೂ ಒಂದಕ್ಕೊಂದು ವಿರೋಧ. ಚೆನ್ನಾಗಿ ತಡೆಯುವ ಸ್ವಿಚ್ಚು ಹೇಳಿದಾಗ ತಡವರಿಸುತ್ತದೆ. ಚುರುಕಾಗಿ ಬಿಡುವ ಸ್ವಿಚ್ಚು ಹೇಳದೆಯೇ ಹಾರಿಬಿಡುತ್ತದೆ. ಹಾರು ಎಂದು ಹೇಳುವುದಕ್ಕೆ ಲ್ಯಾಬಿನಲ್ಲಿ ಟ್ರಿಗರ್ ಎನ್ನುತ್ತೇವೆ, ಹೇಳದೆ ಹಾರುವುದಕ್ಕೆ ಪ್ರೀಫೈರ್.

ಟ್ರಿಗರ್ ಮಾಡದೆ ವೋಲ್ಟೇಜನ್ನು ಏರಿಸುತ್ತಾ ಹೋದರೆ ಸ್ವಿಚ್ಚು ಒಂದು ಹಂತದಲ್ಲಿ ತಾನೇ ಹಾರುತ್ತದೆ. ಆ ಸ್ವಯಂಭೇದನದ ವೋಲ್ಟೇಜು ಪ್ರತಿಸಲವೂ ಒಂದೇ ಆಗಿರುವುದಿಲ್ಲ. ಸರಾಸರಿ 100 ಕಿಲೋವೋಲ್ಟ್ ಎಂದಿಟ್ಟುಕೊಳ್ಳಿ. ಒಮ್ಮೆ 97, ಮತ್ತೊಮ್ಮೆ 104, ಹೀಗೆ ಚದುರುತ್ತದೆ. ಚದುರುವಿಕೆಯ ಅಳತೆ ಶೇಕಡಾ 5 ಎನ್ನೋಣ. ನೀವು 90 ಕಿಲೋವೋಲ್ಟಿನಲ್ಲಿ ಕೆಲಸ ಮಾಡುತ್ತೀರಿ. ಗಾಸ್ ವಕ್ರರೇಖೆಯನ್ನು ನಂಬಿದರೆ ನೂರಕ್ಕೆ ಎರಡು ಮೂರು ಸಲ ಸ್ವಿಚ್ಚು ಹೇಳದೆ ಹಾರುತ್ತದೆ. ಪರವಾಗಿಲ್ಲ ಎನಿಸುತ್ತದೆ. ಒಂದೇ ಸ್ವಿಚ್ಚಿದ್ದರೆ ನಿಜಕ್ಕೂ ಪರವಾಗಿಲ್ಲ.

ಈಗ ಅಮೆರಿಕದ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ಹೋಗೋಣ. ಅಲ್ಲಿನ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಝಡ್ ಎಂಬ ಯಂತ್ರವಿದೆ. ಈ ಬಗೆಯ ಯಂತ್ರಗಳಲ್ಲಿ ಜಗತ್ತಿಗೇ ಅತಿ ದೊಡ್ಡದು. ಅದರಲ್ಲಿ 36 ಮಾರ್ಕ್ಸ್ ಜನರೇಟರುಗಳು, ಒಂದೊಂದರಲ್ಲಿ 60 ಕೆಪಾಸಿಟರುಗಳು. 1923ರಲ್ಲಿ ಜರ್ಮನಿಯ ಎರ್ವಿನ್ ಮಾರ್ಕ್ಸ್ ಸೂಚಿಸಿದ ಉಪಾಯ ಸರಳ: ಕೆಪಾಸಿಟರುಗಳನ್ನು ಅಕ್ಕಪಕ್ಕ ಸಮಾಂತರವಾಗಿ ಚಾರ್ಜ್ ಮಾಡಿ, ಕಿಡಿಗಳ ಮೂಲಕ ಒಮ್ಮೆಲೇ ಸರಣಿಯಾಗಿ ಜೋಡಿಸುವುದು. ಆಗ ಎಲ್ಲದರ ವೋಲ್ಟೇಜು ಕೂಡುತ್ತದೆ. ಈ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲೂ (ಸಿ.ಪಿ.ಆರ್.ಐ.) ಇನ್ಸುಲೇಟರು, ಟ್ರಾನ್ಸ್‌ಫಾರ್ಮರುಗಳಿಗೆ ಸಿಡಿಲಿನ ಪರೀಕ್ಷೆ ಮಾಡುವ ಇಂಪಲ್ಸ್ ಜನರೇಟರುಗಳು ಇದೇ ತತ್ವದವು. ಝಡ್ ಯಂತ್ರದಲ್ಲಿ ಒಂದೊಂದು ಮಾರ್ಕ್ಸ್ ಜನರೇಟರೂ ಐದು ದಶಲಕ್ಷ ವೋಲ್ಟಿನ ಸುಮಾರಿಗೆ ಏರಿ, ಒಂದು ದೊಡ್ಡ ನೀರಿನ ಕೆಪಾಸಿಟರನ್ನು ಮೈಕ್ರೋಸೆಕೆಂಡಿನ ಅವಧಿಯಲ್ಲಿ ತುಂಬುತ್ತದೆ. ಅದರ ಬಾಯಲ್ಲಿ ಕೂತಿರುವುದು ನಮ್ಮ ಗ್ಯಾಸ್ ಸ್ವಿಚ್ಚು. ಅಂಥವು 36. ಎಲ್ಲವೂ ಒಟ್ಟಿಗೆ ಹಾರಿದರೆ ನಡುವಿನ ಪುಟ್ಟ ಗುರಿಯ ಮೂಲಕ 2.5 ಕೋಟಿ ಆಂಪಿಯರಿನಷ್ಟು ಕರೆಂಟು ನೂರು ನ್ಯಾನೋಸೆಕೆಂಡಿನಲ್ಲಿ ಹರಿದು, ಅದರ ಕಾಂತಕ್ಷೇತ್ರವೇ ಪ್ಲಾಸ್ಮಾವನ್ನು ಹಿಂಡುತ್ತದೆ.

ನೂರಕ್ಕೆ ಎರಡು ಮೂರು ಎಂಬ ಲೆಕ್ಕವನ್ನು 36 ಸ್ವಿಚ್ಚುಗಳಿಗೆ ಹಚ್ಚಿ ನೋಡಿ. ಯಾವುದಾದರೂ ಒಂದು ಮುಂಚೆ ಹಾರುವ ಸಂಭವ ಶೇಕಡಾ 56! ಅರ್ಧಕ್ಕಿಂತ ಹೆಚ್ಚು ಪ್ರಯೋಗಗಳು ಹಾಳು. ಗುರಿಯೆಂದರೆ ಕೆಲವೇ ಮೈಕ್ರಾನ್ ದಪ್ಪದ ನೂರಾರು ಟಂಗ್‌ಸ್ಟನ್ ತಂತಿಗಳನ್ನು ಕೈಯಿಂದ ಪೋಣಿಸಿ ಕಟ್ಟಿದ ಪಂಜರವಿರಬಹುದು. ದಿನಕ್ಕೆ ಸಾಮಾನ್ಯವಾಗಿ ಒಂದೇ ಪ್ರಯೋಗ, ಲ್ಯಾಬಿನ ಮಾತಿನಲ್ಲಿ ಒಂದೇ ಶಾಟ್. ಒಂದು ಸ್ವಿಚ್ಚಿನ ಅವಸರದಿಂದ ಅದೆಲ್ಲ ಹೋಯಿತು. ಹಾಗಾದರೆ ಕೆಲಸದ ವೋಲ್ಟೇಜನ್ನು 90ರಿಂದ 80ಕ್ಕೆ ಇಳಿಸಿ. ಅದೇ ಗಾಸ್ ಲೆಕ್ಕದಲ್ಲಿ ಈಗ ಸಾವಿರ ಪ್ರಯೋಗಕ್ಕೆ ಒಂದು ಹಾಳಾಗುತ್ತದೆ. ಹತ್ತು ಕಿಲೋವೋಲ್ಟ್ ಇಳಿಸಿದ್ದಕ್ಕೆ ಸಿಕ್ಕ ಲಾಭ ನೋಡಿ.

ಆದರೆ ಗಾಸ್ ವಕ್ರರೇಖೆಯ ಬಾಲವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕಿಡಿ ಹಾರುವುದು ಇಡೀ ಸ್ವಿಚ್ಚಿನ ಸರಾಸರಿ ಗುಣದಿಂದಲ್ಲ, ಅತ್ಯಂತ ದುರ್ಬಲವಾದ ಒಂದು ಬಿಂದುವಿನಿಂದ. ಒಂದು ಲೋಹದ ಪುಡಿ, ಒಂದು ಗೀರು, ಬಟ್ಟೆಯ ಒಂದು ನೂಲೆಳೆ ಸಾಕು. ದುರ್ಬಲ ಕೊಂಡಿಯ ಅಂಕಿಶಾಸ್ತ್ರಕ್ಕೆ ಸ್ವೀಡನ್ನಿನ ವೈಬುಲ್ 1939ರಲ್ಲಿ ಕೊಟ್ಟ ಸೂತ್ರವೇ ಇಲ್ಲಿ ಹೆಚ್ಚು ಒಪ್ಪುತ್ತದೆ. ಅದರ ಕೆಳಬದಿಯ ಬಾಲ ದಪ್ಪ. ಹತ್ತು ಸಲ ಹಾರಿಸಿ ಸರಾಸರಿ ತೆಗೆದವರಿಗೆ ಆ ಬಾಲ ಕಾಣುವುದೇ ಇಲ್ಲ. ನೂರಾರು, ಸಾವಿರಾರು ಸಲ ಹಾರಿಸಿ, ಒಂದನ್ನೂ ಬಿಡದೆ ಬರೆದಿಟ್ಟವರಿಗೆ ಮಾತ್ರ ಕಾಣುತ್ತದೆ. ಕೆಟ್ಟ ಶಾಟ್ ಎಂದು ದಾಖಲೆಯಿಂದ ತೆಗೆದುಹಾಕಿದ ಶಾಟ್‌ಗಳಲ್ಲೇ ನಿಮ್ಮ ಸ್ವಿಚ್ಚಿನ ನಿಜಸ್ವರೂಪ ಇರುತ್ತದೆ. ಆದ್ದರಿಂದ ಯಾವ ಲ್ಯಾಬಿಗೆ ಹೋದರೂ ನಾನು ಮೊದಲು ಕೇಳುವುದು ಅವರ ಲಾಗ್‌ಬುಕ್ಕನ್ನು.

ವೋಲ್ಟೇಜು ಇಳಿಸುತ್ತಾ ಹೋದರೆ ಎಲ್ಲ ಸುಖವೇ ಎಂದರೆ, ಅಲ್ಲಿ ಎರಡನೆಯ ಕರ್ತವ್ಯ ಅಡ್ಡ ಬರುತ್ತದೆ. ಸ್ವಯಂಭೇದನಕ್ಕಿಂತ ತೀರಾ ಕೆಳಗೆ ನಿಂತ ಸ್ವಿಚ್ಚಿಗೆ ಟ್ರಿಗರ್ ಕೊಟ್ಟಾಗ ಅದು ಯೋಚಿಸುತ್ತಾ ನಿಲ್ಲುತ್ತದೆ. ತಡ ಹೆಚ್ಚುತ್ತದೆ. ತಡವಾದರೂ ಚಿಂತೆಯಿಲ್ಲ, ಪ್ರತಿಸಲವೂ ಅಷ್ಟೇ ತಡವಾದರೆ ಲೆಕ್ಕ ಹಿಡಿಯಬಹುದು. ಆ ತಡವೇ ಏರುಪೇರಾಗತೊಡಗುತ್ತದೆ. ಈ ಏರುಪೇರಿಗೆ ಜಿಟರ್ ಎನ್ನುತ್ತೇವೆ. 36 ಸ್ವಿಚ್ಚುಗಳ ಕರೆಂಟು ಒಂದೇ ಗುರಿಯಲ್ಲಿ ಕೂಡಬೇಕಾದರೆ ಅವುಗಳ ಜಿಟರ್ ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಇರಬೇಕು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಹೋಗುವುದೇ ಒಂದಡಿ.

ಟ್ರಿಗರ್ ಮಾಡುವ ಬಗೆಗಳು ಹಲವು. ಎರಡನೆಯ ಮಹಾಯುದ್ಧದ ಕಾಲದ ರಾಡಾರ್ ಕೆಲಸದಿಂದ ಬಂದದ್ದು ಟ್ರೈಗಟ್ರಾನ್: ಒಂದು ಎಲೆಕ್ಟ್ರೋಡಿನ ನಡುವೆ ತೂತು ಕೊರೆದು, ಅದರಲ್ಲಿ ಇನ್ಸುಲೇಟ್ ಮಾಡಿದ ಸೂಜಿಯೊಂದನ್ನು ಇಟ್ಟು, ಅಲ್ಲಿ ಸಣ್ಣ ಕಿಡಿ ಹಚ್ಚಿ ದೊಡ್ಡ ಕಿಡಿಯನ್ನು ಎಬ್ಬಿಸುವುದು. ಅಗ್ಗ, ಗಟ್ಟಿ, ಆದರೆ ಸೂಜಿ ಬೇಗ ಸವೆಯುತ್ತದೆ. ಇನ್ನೊಂದು, ಎರಡು ಎಲೆಕ್ಟ್ರೋಡುಗಳ ನಡುವೆ ಚೂಪು ಅಂಚಿನ ತಟ್ಟೆಯೊಂದನ್ನು ನಿಲ್ಲಿಸುವುದು. ಸುಮ್ಮನಿರುವಾಗ ಅದು ತಾನಿರುವ ಜಾಗಕ್ಕೆ ಸಹಜವಾದ ವೋಲ್ಟೇಜಿನಲ್ಲೇ ಇರುವುದರಿಂದ ಅಲ್ಲೊಂದು ತಟ್ಟೆ ಇದೆ ಎಂಬುದೇ ಕ್ಷೇತ್ರಕ್ಕೆ ತಿಳಿಯುವುದಿಲ್ಲ. ಟ್ರಿಗರ್ ಪಲ್ಸ್ ಬಂದು ಅದರ ವೋಲ್ಟೇಜನ್ನು ಎಳೆದ ಕೂಡಲೇ ಅಂಚಿನಲ್ಲಿ ಕ್ಷೇತ್ರ ಹಲವು ಪಟ್ಟು ಏರಿ ಸ್ಟ್ರೀಮರುಗಳು ಹೊರಡುತ್ತವೆ. ಒಳ್ಳೆಯ ಮಧ್ಯಮ ಗಾತ್ರದ ಸ್ವಿಚ್ಚುಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ. ಇದರ ನಡತೆಯನ್ನು ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಬಹುದು. ದಶಲಕ್ಷಗಟ್ಟಲೆ ವೋಲ್ಟಿನ ಮೇಲೆ ಕೂತಿರುವ ಝಡ್ ಯಂತ್ರದ ಸ್ವಿಚ್ಚಿಗೆ ತಂತಿಯಲ್ಲಿ ಟ್ರಿಗರ್ ಒಯ್ಯುವುದು ಕಷ್ಟ. ಅಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಲೇಸರ್ ಕಿರಣವನ್ನು ಸ್ವಿಚ್ಚಿನೊಳಗೆ ಹಾಯಿಸುತ್ತಾರೆ. ಕಿರಣ ನಾಭಿಯಾದ ಜಾಗದಲ್ಲಿ ಅನಿಲ ಅಯಾನುಗಳಾಗಿ ಒಡೆದು, ಮೊದಲ ಗ್ಯಾಪು ಮುಚ್ಚಿಕೊಳ್ಳುತ್ತದೆ. ಅದರ ಹಿಂದೆ ಸಾಲಾಗಿರುವ ಸಣ್ಣ ಗ್ಯಾಪುಗಳು ಹೆಚ್ಚಿದ ವೋಲ್ಟೇಜನ್ನು ತಾಳಲಾರದೆ ಒಂದರ ಹಿಂದೊಂದು ಮುಚ್ಚಿಕೊಳ್ಳುತ್ತವೆ.

ಎಲೆಕ್ಟ್ರೋಡನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಲೇತಿನಿಂದ ಇಳಿದ ಹೊಸ ಹಿತ್ತಾಳೆಯ ಎಲೆಕ್ಟ್ರೋಡನ್ನು ನುಣುಪಾದ ಎಮರಿ ಕಾಗದದಲ್ಲಿ ತಿಕ್ಕಿ, ಪಾಲಿಶ್ ಮಾಡಿ, ಆಲ್ಕೋಹಾಲಿನಲ್ಲಿ ಒರೆಸಿ ಕೈಗೆತ್ತಿಕೊಂಡರೆ ಮುಖ ಕಾಣುವಷ್ಟು ಹೊಳಪು. ಅಂಚು ಎಲ್ಲೂ ಚೂಪಾಗದಂತೆ, ನಡುವಿನಿಂದ ಬದಿಗೆ ಮೆಲ್ಲಗೆ ಬಾಗಿಸಿರುತ್ತಾರೆ. ಈ ಬಾಗಿನ ಲೆಕ್ಕ 1923ರಲ್ಲಿ ರೊಗೋವ್ಸ್ಕಿ ಹಾಕಿಕೊಟ್ಟದ್ದು. ಎಲ್ಲಾದರೂ ಬಾಗು ತಪ್ಪಿ ಏಣು ಉಳಿದರೆ ಕ್ಷೇತ್ರ ಅಲ್ಲೇ ದಟ್ಟೈಸುತ್ತದೆ. ಇಷ್ಟು ಮಾಡಿ ಜೋಡಿಸಿದ ಹೊಸ ಸ್ವಿಚ್ಚು ಮೊದಮೊದಲು ಕೆಟ್ಟದಾಗಿಯೇ ನಡೆದುಕೊಳ್ಳುತ್ತದೆ. ಸಣ್ಣ ಕರೆಂಟಿನಲ್ಲಿ ಹಲವಾರು ಸಲ ಹಾರಿಸಿದ ಮೇಲೆ, ಕಣ್ಣಿಗೆ ಕಾಣದ ಮೊನೆಗಳೆಲ್ಲ ಉರಿದು, ಅದು ಹದಕ್ಕೆ ಬರುತ್ತದೆ. ಆಮೇಲೆ ನಿಜವಾದ ಕೆಲಸ. ಒಂದಷ್ಟು ಕಾಲದ ನಂತರ ಬಿಚ್ಚಿ ನೋಡಿದರೆ ಆ ಹೊಳಪು ಎಲ್ಲಿ! ಮೇಲ್ಮೈ ತುಂಬ ಬೂದುಬಣ್ಣದ ಸಣ್ಣ ಸಣ್ಣ ಕುಳಿಗಳು, ಕುಳಿಯ ಅಂಚಿನಲ್ಲಿ ಕರಗಿ ಗಟ್ಟಿಯಾದ ಲೋಹದ ಹನಿ. ಕವಚದ ಒಳಗೋಡೆಗೆ ಕಂದು ಪುಡಿಯ ಲೇಪ. ಬೆರಳಿಟ್ಟರೆ ಅಂಟುತ್ತದೆ. ಆ ಪುಡಿಯೇ ಮುಂದಿನ ಪ್ರೀಫೈರ್.

ಲಕ್ಷ ಆಂಪಿಯರುಗಳು ಹರಿಯುವ ಕಡೆ ಹಿತ್ತಾಳೆ ಬಹಳ ದಿನ ಬಾಳುವುದಿಲ್ಲ. ತಾಮ್ರ-ಟಂಗ್‌ಸ್ಟನ್ ಮಿಶ್ರಣ, ಸ್ಟೇನ್‌ಲೆಸ್ ಸ್ಟೀಲು, ಕೆಲವು ಕಡೆ ಗ್ರಾಫೈಟ್ ಬಳಸುತ್ತಾರೆ. ಗ್ರಾಫೈಟ್ ಕರಗದೆ ನೇರ ಆವಿಯಾಗುವುದರಿಂದ ಅಲ್ಲಿ ಲೋಹದ ಹನಿಗಳ ಕಾಟವಿಲ್ಲ. ಲೋಹಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಕವಚ. ಲೋಹ, ಅನಿಲ, ಪ್ಲಾಸ್ಟಿಕ್ ಮೂರೂ ಕೂಡುವ ಗೆರೆಯೊಂದಿರುತ್ತದೆ. ಕ್ಷೇತ್ರ ಅಲ್ಲಿ ಸಹಜವಾಗಿ ಏರುತ್ತದೆ. ಆ ಗೆರೆಯನ್ನು ಲೋಹದ ಮಡಿಕೆಯ ಹಿಂದೆ ಅಡಗಿಸಿಡದಿದ್ದರೆ ಕಿಡಿ ಅನಿಲವನ್ನು ಬಿಟ್ಟು ಪ್ಲಾಸ್ಟಿಕ್ಕಿನ ಮೈಮೇಲೆ ಹರಿಯುತ್ತದೆ. ಹಾಗೆ ಒಮ್ಮೆ ಹರಿದರೆ ಕರಿಗೆರೆ ಬೀಳುತ್ತದೆ, ಮತ್ತೆ ಅದೇ ಗೆರೆಯಲ್ಲೇ ಹರಿಯುತ್ತದೆ. ಆ ಕವಚ ಮುಗಿದಂತೆ. ಒಳಗೆ ಕೆಲವು ವಾತಾವರಣಗಳಷ್ಟು ಒತ್ತಡವೂ ಇರುವುದರಿಂದ ಗೆರೆಬಿದ್ದ ಕವಚವನ್ನು ಇನ್ನೊಂದು ದಿನ ನೋಡೋಣ ಎಂದು ಬಿಡುವುದು ಪ್ರಾಣಾಪಾಯ.

ಕಿಡಿ ಹಾರಿತು ಎಂದ ಮಾತ್ರಕ್ಕೆ ಸ್ವಿಚ್ಚು ಪೂರ್ತಿ ದಾರಿ ಬಿಟ್ಟಂತಲ್ಲ. ಕಿಡಿಯ ದಾರಿ ಬಿಸಿಯಾಗಿ ಹಿಗ್ಗುವವರೆಗೂ ಅದರಲ್ಲಿ ರೋಧವಿರುತ್ತದೆ. ಆ ಅವಧಿಗೆ ಕೈಯಲ್ಲಿ ಲೆಕ್ಕ ಹಾಕಬಹುದಾದ ಸೂತ್ರವನ್ನು ಕೊಟ್ಟವರು ಇಂಗ್ಲೆಂಡಿನ ಆಲ್ಡರ್‌ಮಾಸ್ಟನ್ನಿನ ಜೆ.ಸಿ. ಮಾರ್ಟಿನ್. ಪಲ್ಸ್ ಪವರ್ ಕಟ್ಟುವವರೆಲ್ಲ ಚಾರ್ಲಿ ಎಂದು ಪ್ರೀತಿಯಿಂದ ನೆನೆಯುವ ವ್ಯಕ್ತಿ. ಅವರ ಟಿಪ್ಪಣಿಗಳು ವರ್ಷಗಟ್ಟಲೆ ಟೈಪು ಮಾಡಿದ ಹಾಳೆಗಳಾಗಿಯೇ ಕೈಯಿಂದ ಕೈಗೆ ಹೋಗುತ್ತಿದ್ದವು, 1996ರಲ್ಲಿ ಪುಸ್ತಕವಾದವು. ಅವರ ಸೂತ್ರದ ಪ್ರಕಾರ, ಒಂದು ಓಮ್‌ನ ಸರ್ಕೀಟಿನಲ್ಲಿ ಸೆಂಟಿಮೀಟರಿಗೆ 30 ಕಿಲೋವೋಲ್ಟಿನ ಕ್ಷೇತ್ರದಲ್ಲಿ ತೆರೆದ ಗಾಳಿಯ ಕಿಡಿ ಪೂರ್ತಿ ದಾರಿ ಬಿಡಲು ಸುಮಾರು 20 ನ್ಯಾನೋಸೆಕೆಂಡು ಬೇಕು. ಗಾಳಿಯ ಒತ್ತಡವನ್ನು ಮೂರು ಪಟ್ಟು, ಕ್ಷೇತ್ರವನ್ನೂ ಮೂರು ಪಟ್ಟು ಮಾಡಿದರೆ ಅದು ಎಂಟಕ್ಕೆ ಇಳಿಯುತ್ತದೆ. ಒತ್ತಡ ಏರಿಸುವ ಲಾಭ ಇಲ್ಲೂ ಕಾಣುತ್ತದೆ. ಇದರ ಮೇಲೆ ಇಂಡಕ್ಟೆನ್ಸು: ತೆಳುವಾದ ಒಂಟಿ ಕಿಡಿ ಸೆಂಟಿಮೀಟರಿಗೆ ಹತ್ತು ಹದಿನೈದು ನ್ಯಾನೋಹೆನ್ರಿ ಸೇರಿಸಿ ಕರೆಂಟಿನ ಏರಿಕೆಯನ್ನು ಎಳೆದು ಹಿಡಿಯುತ್ತದೆ. ಒಂದರ ಬದಲು ಹತ್ತು ಕಿಡಿಗಳು ಅಕ್ಕಪಕ್ಕ ಹಾರಿದರೆ ಎರಡೂ ಕಷ್ಟ ಕಡಿಮೆ, ಎಲೆಕ್ಟ್ರೋಡಿನ ಸವೆತವೂ ಹಂಚಿಹೋಗುತ್ತದೆ. ಆದರೆ ಮೊದಲು ಹುಟ್ಟಿದ ಕಿಡಿ ವೋಲ್ಟೇಜನ್ನು ಕುಸಿಯಿಸುವ ಮೊದಲೇ ಉಳಿದವೂ ಹುಟ್ಟಬೇಕು. ಅದಕ್ಕೆ ಟ್ರಿಗರ್ ಪಲ್ಸೇ ಬಹಳ ಕಡಿದಾಗಿ ಏರಬೇಕು. ಟ್ರಿಗರಿನ ಮೇಲೆ ಹಣ ಉಳಿಸಹೋದವರಿಗೆ ಬಹುಕಿಡಿ ಸಿಗುವುದಿಲ್ಲ.

ಮಾರ್ಟಿನ್ ಕೆಲಸ ಮಾಡಿದ್ದು ಅಣ್ವಸ್ತ್ರಗಳ ಪ್ರಯೋಗಾಲಯದಲ್ಲಿ. ಝಡ್ ಯಂತ್ರದ ಹಣದ ದೊಡ್ಡ ಪಾಲು ಬರುವುದೂ, 1992ರ ನಂತರ ಭೂಗರ್ಭ ಸ್ಫೋಟಗಳನ್ನು ನಿಲ್ಲಿಸಿದ ಅಮೆರಿಕಕ್ಕೆ ತನ್ನ ಅಸ್ತ್ರಗಳ ಸ್ಥಿತಿಗತಿ ತಿಳಿಯಬೇಕೆಂಬ ಕಾರಣಕ್ಕೆ. ಈ ವಿದ್ಯೆಯ ಹುಟ್ಟನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಅದೇ ಯಂತ್ರಗಳಲ್ಲಿ ನಕ್ಷತ್ರಗಳ ಒಳಗಿನ ದ್ರವ್ಯದ ಸ್ಥಿತಿಯನ್ನೂ ಅಭ್ಯಾಸ ಮಾಡುತ್ತಾರೆ, ಫ್ಯೂಷನ್ನಿನ ದಾರಿಯನ್ನೂ ಹುಡುಕುತ್ತಾರೆ. ನನ್ನ ಮನಸ್ಸು ಇರುವುದು ಆ ಕಡೆ.

ಇನ್ನು ಅನಿಲದ ಆಯ್ಕೆ. ದಶಕಗಳ ಕಾಲ ಇದಕ್ಕೆ ಒಂದೇ ಉತ್ತರವಿತ್ತು: ಸಲ್ಫರ್ ಹೆಕ್ಸಾಫ್ಲೋರೈಡ್. ಅದೇ ಒತ್ತಡದಲ್ಲಿ ಗಾಳಿಗಿಂತ ಎರಡೂವರೆ ಮೂರು ಪಟ್ಟು ವೋಲ್ಟೇಜನ್ನು ತಡೆಯುತ್ತದೆ. ಬಿಡಿ ಎಲೆಕ್ಟ್ರಾನುಗಳನ್ನು ಅಣು ತಾನೇ ನುಂಗಿ ಹಿಡಿದಿಟ್ಟುಕೊಳ್ಳುವುದರಿಂದ ಪ್ರವಾಹ ಬೆಳೆಯುವುದೇ ಕಷ್ಟ. ಸಬ್‌ಸ್ಟೇಷನ್ನುಗಳ ಬ್ರೇಕರುಗಳಲ್ಲಿಯೂ ಇದೇ ಅನಿಲ. ಝಡ್ ಯಂತ್ರದ ಸ್ವಿಚ್ಚುಗಳಲ್ಲಿಯೂ ಇದೇ. ಆದರೆ ಇದು ಗಾಳಿಗಿಂತ ಐದು ಪಟ್ಟು ಭಾರ. ಸೋರಿದರೆ ತಗ್ಗಿನ ಟ್ರೆಂಚುಗಳಲ್ಲಿ ನಿಂತು ಒಳಗಿಳಿದವರಿಗೆ ಆಮ್ಲಜನಕ ಇಲ್ಲದಂತೆ ಮಾಡುತ್ತದೆ. ಕಿಡಿಯ ಬಿಸಿಗೆ ಒಡೆದು, ತೇವದೊಡನೆ ಸೇರಿ ಹೈಡ್ರೋಜನ್ ಫ್ಲೋರೈಡಿನಂಥ ವಿಷಗಳಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಒಂದು ಕಿಲೋ ಸಲ್ಫರ್ ಹೆಕ್ಸಾಫ್ಲೋರೈಡು ನೂರು ವರ್ಷಗಳ ಲೆಕ್ಕದಲ್ಲಿ ಇಪ್ಪತ್ತು ಸಾವಿರ ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. 1997ರ ಕ್ಯೋಟೋ ಒಪ್ಪಂದದ ಪಟ್ಟಿಯಲ್ಲಿ ಇದರ ಹೆಸರಿದೆ. ಶುದ್ಧ ಶಕ್ತಿಯನ್ನು ಹುಡುಕುವ ಯಂತ್ರವೇ ಇಂಥ ಅನಿಲವನ್ನು ಗಾಳಿಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಹೊಸದಾಗಿ ಸ್ವಿಚ್ಚು ವಿನ್ಯಾಸ ಮಾಡುವವರು ಮೊದಲ ದಿನದಿಂದಲೇ ಒಣಗಾಳಿಗೆ ಲೆಕ್ಕ ಹಾಕಬೇಕು.

ಅದು ಆಗುವ ಮಾತೇ ಎಂದರೆ, ಆಗಿದೆ. ಸೈಬೀರಿಯಾದ ತೋಮ್‌ಸ್ಕ್ ನಗರದಲ್ಲಿರುವ ಹೈ ಕರೆಂಟ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯವರು ಲೀನಿಯರ್ ಟ್ರಾನ್ಸ್‌ಫಾರ್ಮರ್ ಡ್ರೈವರ್ ಎಂಬ ಹೊಸ ಬಗೆಯ ಯಂತ್ರವನ್ನು ರೂಪಿಸಿದರು. ಅದರ ಮೂಲ ಘಟಕ ಚಿಕ್ಕದು: ಎರಡು ಕೆಪಾಸಿಟರು, ನಡುವೆ ಒಂದು ಸ್ವಿಚ್ಚು. ಒಂದನ್ನು ಧನ 100, ಇನ್ನೊಂದನ್ನು ಋಣ 100 ಕಿಲೋವೋಲ್ಟಿಗೆ ಚಾರ್ಜ್ ಮಾಡುತ್ತಾರೆ. ಒಂದು ದೊಡ್ಡ ಉಂಗುರದ ಸುತ್ತ ಇಂಥ ಹತ್ತಾರು ಘಟಕಗಳು, ಆ ಉಂಗುರಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಯಂತ್ರ. ದಶಲಕ್ಷಗಟ್ಟಲೆ ವೋಲ್ಟಿನ ದೈತ್ಯ ಸ್ವಿಚ್ಚು ಬೇಕಿಲ್ಲ. 200 ಕಿಲೋವೋಲ್ಟಿನ ಪುಟ್ಟ ಸ್ವಿಚ್ಚುಗಳು, ಒಣಗಾಳಿಯಲ್ಲೇ. ಪಲ್ಸನ್ನು ಹಂತಹಂತವಾಗಿ ಕುಗ್ಗಿಸುವ ನೀರಿನ ತೊಟ್ಟಿಗಳ ಕಾಟವೂ ತಪ್ಪುತ್ತದೆ. ಆದರೆ ಸ್ವಿಚ್ಚುಗಳ ಸಂಖ್ಯೆ 36ರಿಂದ ಸಾವಿರಗಳಿಗೆ ಏರುತ್ತದೆ. ಹಿಂದಿನ ಲೆಕ್ಕವನ್ನು ಮತ್ತೆ ತೆಗೆಯಿರಿ: ಹತ್ತು ಸಾವಿರಕ್ಕೆ ಒಂದು ಸಲ ಮಾತ್ರ ತಪ್ಪುವ ಸ್ವಿಚ್ಚುಗಳು ಸಾವಿರವಿದ್ದರೆ, ಪ್ರತಿ ಶಾಟ್‌ನಲ್ಲಿ ಯಾವುದೋ ಒಂದು ತಪ್ಪುವ ಸಂಭವ ಶೇಕಡಾ ಹತ್ತರ ಹತ್ತಿರ. ಹಾಗಾಗಿ ಲಕ್ಷಕ್ಕೊಮ್ಮೆ ತಪ್ಪುವ, ಬಿಚ್ಚಿ ಒರೆಸದೆ ಸಾವಿರಾರು ಶಾಟ್ ಬಾಳುವ, ಅಗ್ಗದ ಸ್ವಿಚ್ಚು ಬೇಕು. ಈ ಕ್ಷೇತ್ರದಲ್ಲಿ ಇಂದು ನಡೆಯುತ್ತಿರುವ ನಿಜವಾದ ಹುಡುಕಾಟ ಇದೇ.

ಇಷ್ಟೆಲ್ಲ ಕೇಳಿದ ವಿದ್ಯಾರ್ಥಿಗಳಿಗೆ ಇದು ನಮ್ಮ ಕೈಗೆಟುಕದ ವಿದ್ಯೆ ಎನಿಸಬಾರದು. ನಾನು ಮೊದಲಿಗೆ ಹೇಳಿದ 30 ಮೈಕ್ರೋಫ್ಯಾರಡ್, 15 ಕಿಲೋವೋಲ್ಟಿನ ಲೆಕ್ಕ ಸುಮ್ಮನೆ ಆರಿಸಿದ್ದಲ್ಲ. 1980ರ ದಶಕದಲ್ಲಿ ಮಲಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಸಿಂಗ್ ಲೀ ರೂಪಿಸಿದ ಪ್ಲಾಸ್ಮಾ ಫೋಕಸ್ ಯಂತ್ರದ್ದು ಅದು. ಬಡ ದೇಶಗಳ ವಿಶ್ವವಿದ್ಯಾಲಯಗಳೂ ಫ್ಯೂಷನ್ ಪ್ಲಾಸ್ಮಾವನ್ನು ಕಣ್ಣಾರೆ ಕಾಣಬೇಕೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ ಮತ್ತು ಇಟಲಿಯ ಟ್ರಿಯೆಸ್ಟೆಯ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರದ ಬೆಂಬಲದಲ್ಲಿ ಅದನ್ನು ಕಟ್ಟಿ, ತರಬೇತಿ ಪಡೆದವರ ಕೈಯಲ್ಲಿ ಹಲವು ದೇಶಗಳಿಗೆ ಕಳಿಸಿದರು. ನಮ್ಮ ದೆಹಲಿ ವಿಶ್ವವಿದ್ಯಾಲಯಕ್ಕೂ ಒಂದು ಬಂತು. ಒಂದೇ ಕೆಪಾಸಿಟರು, ತೆರೆದ ಗಾಳಿಯಲ್ಲೇ ಕೆಲಸ ಮಾಡುವ ಒಂದೇ ಸ್ವಿಚ್ಚು. 1.7 ಲಕ್ಷ ಆಂಪಿಯರಿನ ಆಸುಪಾಸಿನ ಕರೆಂಟು. ಡ್ಯೂಟೀರಿಯಂ ತುಂಬಿದರೆ ಒಂದೊಂದು ಶಾಟ್‌ಗೂ ಕೋಟಿಗಟ್ಟಲೆ ನ್ಯೂಟ್ರಾನುಗಳು. ಅಲ್ಲಿಂದ ಎಷ್ಟೋ ಪಿಎಚ್.ಡಿ.ಗಳು ಹುಟ್ಟಿದವು. ದೊಡ್ಡ ಯಂತ್ರಗಳಷ್ಟೇ ಗೌರವ ನನಗೆ ಆ ಪುಟ್ಟ ಯಂತ್ರದ ಮೇಲಿದೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹೈ ವೋಲ್ಟೇಜ್ ಲ್ಯಾಬುಗಳಲ್ಲಿ ಗೋಳಗಳ ಗ್ಯಾಪು ಇದ್ದೇ ಇದೆ. ಅಧ್ಯಾಪಕರು ಜೊತೆಗಿದ್ದು, ಬೇಲಿ, ಇಂಟರ್‌ಲಾಕು, ಅರ್ತ್ ರಾಡು ಎಲ್ಲ ಸರಿಯಿದ್ದಾಗ ಮಾತ್ರ ಒಂದು ಪ್ರಯೋಗ ಮಾಡಿ. ಚಾರ್ಜ್ ಇಳಿಸಿದ ಕೆಪಾಸಿಟರಿನಲ್ಲಿ ವೋಲ್ಟೇಜು ತಾನಾಗಿಯೇ ಮತ್ತೆ ಏಳುತ್ತದೆ. ಆದ್ದರಿಂದ ಅರ್ತ್ ರಾಡನ್ನು ಮುಟ್ಟಿಸಿ ತೆಗೆಯಬೇಡಿ, ತಗುಲಿಸಿಯೇ ಬಿಡಿ. ಅಂತರವನ್ನು ಬದಲಿಸದೆ ಐನೂರು ಸಲ ಹಾರಿಸಿ. ಪ್ರತಿಸಲದ ವೋಲ್ಟೇಜಿನ ಜೊತೆಗೆ ಆ ದಿನದ ಗಾಳಿಯ ಒತ್ತಡ, ತಾಪ, ತೇವವನ್ನೂ ಬರೆಯಿರಿ. ನಂತರ ಗೋಳಗಳನ್ನು ಒರೆಸಿ ಇನ್ನೂ ಐನೂರು ಸಲ. ಎರಡೂ ಗ್ರಾಫುಗಳನ್ನು ಒಂದೇ ಹಾಳೆಯ ಮೇಲೆ ಹಾಕಿ, ಕೆಳಗಿನ ಬಾಲ ಎಲ್ಲಿಂದ ಶುರುವಾಗುತ್ತದೆ ನೋಡಿ. ಪಾಲಿಶ್ ಬದಲಿಸಿ, ಲೋಹ ಬದಲಿಸಿ, ಅತಿನೇರಳೆ ದೀಪ ಹಚ್ಚಿ, ಮತ್ತೆ ಹಾಕಿ. ಅಂಥ ಗ್ರಾಫುಗಳನ್ನು ಯಾರಾದರೂ ನನಗೆ ತಂದು ತೋರಿಸಿದರೆ ಎಷ್ಟು ಹೊತ್ತು ಬೇಕಾದರೂ ಕೂತು ನೋಡುತ್ತೇನೆ.